ನೇರಗೆರೆ ಬಂತು, ಬೀಟಾ 8150: ತೆಳುಪದರದ ಎಲೆಕ್ಟ್ರಾನ್ ಉತ್ಸರ್ಜನೆ ಬಗ್ಗೆ ಓದುಗರ ಪ್ರಶ್ನೆಗಳು

ವಿದ್ಯುತ್ ಕ್ಷೇತ್ರದ ಬಲದಿಂದ ತೆಳುಪದರಗಳು ಎಲೆಕ್ಟ್ರಾನ್ ಉಗುಳುವ ವಿಷಯವಾಗಿ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಜ್ಞಾನಭಾರತಿಯ ವಿದ್ಯಾರ್ಥಿನಿಯೊಬ್ಬರು ತಮ್ಮ ಅಳತೆಗಳನ್ನೇ ಬರೆದು ಕಳಿಸಿದ್ದಾರೆ. ಹಾಗಾಗಿ ಅವರ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಹಳೆಯ ರೇಡಿಯೋ ವಾಲ್ವಿನಲ್ಲಿ ಫಿಲಮೆಂಟ್ ಕೆಂಪಗೆ ಕಾದರೆ ಮಾತ್ರ ಎಲೆಕ್ಟ್ರಾನ್ ಬರುತ್ತಿತ್ತು. ತಣ್ಣಗಿರುವ ವಸ್ತುವಿನಿಂದ ಬರೀ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್ ಹೊರಡಿಸುವುದು ಹೇಗೆ?
(ಓದುಗರು, ಮಲ್ಲೇಶ್ವರ)

ಉತ್ತರ: ಲೋಹದ ಒಳಗಿರುವ ಎಲೆಕ್ಟ್ರಾನಿಗೆ ಹೊರಗೆ ಬರಲು ಒಂದು ಗೋಡೆ ಅಡ್ಡ ಇದೆ. ಟಂಗ್‌ಸ್ಟನ್‌ನಲ್ಲಿ ಅದರ ಎತ್ತರ ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್. ಇದಕ್ಕೇ ವರ್ಕ್ ಫಂಕ್ಷನ್ ಎನ್ನುತ್ತಾರೆ. ಕೋಣೆಯ ಬಿಸಿಯಲ್ಲಿ ಎಲೆಕ್ಟ್ರಾನಿನ ಕೈಯಲ್ಲಿರುವ ಶಾಖಶಕ್ತಿ 0.026 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ವಾಲ್ವಿನ ಫಿಲಮೆಂಟನ್ನು ಕಾಯಿಸುವುದು ಎಲೆಕ್ಟ್ರಾನ್ ಈ ಗೋಡೆಯನ್ನು ಹತ್ತಿ ದಾಟಲಿ ಎಂದು.

ಕ್ಷೇತ್ರ ಉತ್ಸರ್ಜನೆಯಲ್ಲಿ ಹತ್ತುವ ಪ್ರಶ್ನೆಯೇ ಬರುವುದಿಲ್ಲ. ಹೊರಗಿನಿಂದ ಬಲವಾದ ಕ್ಷೇತ್ರ ಕೊಟ್ಟಾಗ ಗೋಡೆಯ ಆಚೆ ಬದಿ ಇಳಿಜಾರಾಗಿ, ಗೋಡೆ ತೆಳುವಾಗುತ್ತದೆ. ಒಂದು ನ್ಯಾನೋಮೀಟರಿಗೆ 4 ವೋಲ್ಟ್ ಕ್ಷೇತ್ರವಿದ್ದರೆ ಅದರ ದಪ್ಪ ಸುಮಾರು 1.1 ನ್ಯಾನೋಮೀಟರ್. ಅಷ್ಟು ತೆಳುವಾದ ಗೋಡೆಯ ಮೂಲಕ ಎಲೆಕ್ಟ್ರಾನ್ ಸುರಂಗ ಹೊಕ್ಕಂತೆ ಆಚೆ ಬರುತ್ತದೆ. 1897ರಲ್ಲೇ ಆರ್. ಡಬ್ಲ್ಯೂ. ವುಡ್ ಇಂಥ ಉತ್ಸರ್ಜನೆಯನ್ನು ಕಂಡಿದ್ದರು. ಕಾರಣ ತಿಳಿಯಲು ಕ್ವಾಂಟಂ ಸಿದ್ಧಾಂತ ಬರಬೇಕಾಯಿತು. ಫೌಲರ್ ಮತ್ತು ನೋರ್ಡ್‌ಹೈಮ್ ಅವರ ಲೆಕ್ಕ ಪ್ರಕಟವಾದದ್ದು 1928ರಲ್ಲಿ.

ಈ ಕ್ರಿಯೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದು ಮನಸ್ಸಿನಲ್ಲಿರಲಿ. ನ್ಯಾನೋಮೀಟರಿಗೆ 3 ವೋಲ್ಟ್ ಇದ್ದದ್ದು 4 ಆದರೆ ಕರೆಂಟ್ ಸುಮಾರು 300 ಪಟ್ಟು ಹೆಚ್ಚುತ್ತದೆ. ಆದರೆ ನ್ಯಾನೋಮೀಟರಿಗೆ 4 ವೋಲ್ಟ್ ಅಂದರೆ ಮಿಲಿಮೀಟರಿಗೆ 40 ಲಕ್ಷ ವೋಲ್ಟ್. ಸಮತಟ್ಟಾದ ಎರಡು ತಟ್ಟೆಗಳ ನಡುವೆ ಅಷ್ಟು ಕೊಡಲಾಗುವುದಿಲ್ಲ. ಅದಕ್ಕೇ ಚೂಪಾದ ತುದಿ ಬೇಕು, ತುದಿಯಲ್ಲಿ ಕ್ಷೇತ್ರ ಒಟ್ಟಾಗುತ್ತದೆ. 1968ರಲ್ಲಿ ಸ್ಪಿಂಟ್ ಎಂಬುವರು ತೆಳುಪದರ ತಂತ್ರದಿಂದಲೇ ಸೂಕ್ಷ್ಮವಾದ ಮಾಲಿಬ್ಡಿನಂ ಶಂಕುಗಳನ್ನು ಮಾಡಿ ತೋರಿಸಿದರು.

ಪ್ರಶ್ನೆ: ಸಿಲಿಕಾನ್ ಮೇಲೆ 200 ನ್ಯಾನೋಮೀಟರ್ ದಪ್ಪದ ವಜ್ರಸದೃಶ ಕಾರ್ಬನ್ ಪದರ ಹಾಕಿ ಉತ್ಸರ್ಜನೆ ಅಳೆದೆ. ಕ್ಯಾಥೋಡ್ ಮತ್ತು ಆನೋಡ್ ನಡುವೆ 150 ಮೈಕ್ರಾನ್ ಅಂತರ, ಸರಣಿಯಲ್ಲಿ 10 ಮೆಗಾಓಮ್ ರೆಸಿಸ್ಟರ್. ಸಪ್ಲೈ 600 ವೋಲ್ಟ್ ಇದ್ದಾಗ 6.85 ಮೈಕ್ರೋಆಂಪಿಯರ್, 734ಕ್ಕೆ 16.4, 900ಕ್ಕೆ 30 ಬಂತು. ಫೌಲರ್–ನೋರ್ಡ್‌ಹೈಮ್ ಗ್ರಾಫ್ ನಡುವೆ ಸ್ವಲ್ಪ ಉಬ್ಬಿದ್ದರೂ ಸುಮಾರಾಗಿ ನೇರಗೆರೆ. ಇಳಿಜಾರು ಮೈನಸ್ 1200, ಬೀಟಾ 8150. ಪದರವೋ ಕನ್ನಡಿಯಂತೆ ನಯವಾಗಿದೆ. ಇಷ್ಟು ದೊಡ್ಡ ಬೀಟಾವನ್ನು ಹೇಗೆ ವಿವರಿಸಲಿ?
(ಸಂಶೋಧನಾ ವಿದ್ಯಾರ್ಥಿನಿ, ಜ್ಞಾನಭಾರತಿ)

ಉತ್ತರ: ವಿವರಿಸುವ ಮೊದಲು ಅದು ನಿಜವೇ ಎಂದು ನೋಡಬೇಕು. ನೀವು ಎಲ್ಲ ಅಂಕಿಗಳನ್ನೂ ಕೊಟ್ಟಿರುವುದರಿಂದ ಇಲ್ಲೇ ಲೆಕ್ಕ ಹಾಕಬಹುದು.

ಫೌಲರ್–ನೋರ್ಡ್‌ಹೈಮ್ ಗ್ರಾಫ್ ಎಂದರೆ ಕರೆಂಟನ್ನು ವೋಲ್ಟೇಜಿನ ವರ್ಗದಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್ ಅನ್ನು ವೋಲ್ಟೇಜಿನ ವಿಲೋಮದ ಎದುರು ಗುರುತಿಸುವುದು. ಬೀಟಾ ಎಂದರೆ ಸಮತಟ್ಟು ತಟ್ಟೆಗಳ ನಡುವಿನ ಕ್ಷೇತ್ರಕ್ಕಿಂತ ಉತ್ಸರ್ಜನೆಯ ಜಾಗದಲ್ಲಿ ಕ್ಷೇತ್ರ ಎಷ್ಟು ಪಟ್ಟು ಹೆಚ್ಚಿದೆ ಎಂಬ ಸಂಖ್ಯೆ. ನೀವು ಬಳಸಿದ ಸೂತ್ರ ಇದು: 6.83 × 10⁹ನ್ನು ವರ್ಕ್ ಫಂಕ್ಷನ್‌ನ ಒಂದೂವರೆ ಘಾತದಿಂದ ಗುಣಿಸಿ, ಅದನ್ನು ಮೀಟರಿನಲ್ಲಿರುವ ಅಂತರದಿಂದ ಗುಣಿಸಿ, ಇಳಿಜಾರಿನಿಂದ ಭಾಗಿಸುವುದು. 4.5ರ ಒಂದೂವರೆ ಘಾತ 9.55. ಹಾಗಾಗಿ ಮೇಲಿನ ಗುಣಲಬ್ಧ 9.78 × 10⁶, 1200ರಿಂದ ಭಾಗಿಸಿದರೆ 8150. ಗುಣಾಕಾರದಲ್ಲಿ ತಪ್ಪಿಲ್ಲ.

ಈಗ ಇದೇ ಬೀಟಾದಿಂದ ಹಿಂದಕ್ಕೆ ಬನ್ನಿ. 150 ಮೈಕ್ರಾನಿಗೆ 600 ವೋಲ್ಟ್ ಎಂದರೆ ಮೈಕ್ರಾನಿಗೆ 4 ವೋಲ್ಟ್. 8150ರಿಂದ ಗುಣಿಸಿದರೆ ನ್ಯಾನೋಮೀಟರಿಗೆ 32.6 ವೋಲ್ಟ್. ವರ್ಕ್ ಫಂಕ್ಷನ್ 4.5 ಇರುವ ಮೇಲ್ಮೈಯಲ್ಲಿ ಗೋಡೆ ಪೂರ್ತಿ ಕುಸಿದು ನೆಲಸಮವಾಗುವ ಕ್ಷೇತ್ರವೇ ನ್ಯಾನೋಮೀಟರಿಗೆ ಸುಮಾರು 14 ವೋಲ್ಟ್ (ವರ್ಕ್ ಫಂಕ್ಷನ್‌ನ ವರ್ಗವನ್ನು 1.44ರಿಂದ ಭಾಗಿಸಿದರೆ ಇದು ಸಿಗುತ್ತದೆ). ನಿಮ್ಮ ಅತಿ ಕಡಿಮೆ ವೋಲ್ಟೇಜಿನಲ್ಲೇ ಅದರ ಎರಡು ಪಟ್ಟಿಗೂ ಮೀರಿದ ಕ್ಷೇತ್ರ ಬರುತ್ತಿದೆ. ಗೋಡೆಯೇ ಇಲ್ಲದ ಕಡೆ ಸುರಂಗದ ಸೂತ್ರ ಹಾಕಿದಂತಾಯಿತು. ಅಂದರೆ ಈ 8150 ಪದರದ ಗುಣ ಅಲ್ಲವೇ ಅಲ್ಲ.

ಇಂಥ ಪರೀಕ್ಷೆಯನ್ನು ಕ್ರಮಬದ್ಧ ಮಾಡಿಕೊಟ್ಟವರು ರಿಚರ್ಡ್ ಫೋರ್ಬ್ಸ್, 2013ರಲ್ಲಿ. ಉತ್ಸರ್ಜನೆಯ ಜಾಗದ ಕ್ಷೇತ್ರವನ್ನು ಗೋಡೆ ಕುಸಿಯುವ ಕ್ಷೇತ್ರದಿಂದ ಭಾಗಿಸಿ. ವರ್ಕ್ ಫಂಕ್ಷನ್ 4.5 ಇದ್ದಾಗ ಈ ಅನುಪಾತ 0.15ರಿಂದ 0.45ರ ಒಳಗಿದ್ದರೆ ಫಲಿತಾಂಶ ನಂಬಬಹುದು. 0.10ಕ್ಕಿಂತ ಕೆಳಗೆ ಅಥವಾ 0.75ಕ್ಕಿಂತ ಮೇಲೆ ಹೋದರೆ ಬೀಟಾವನ್ನು ಬರೆಯಲೇಬಾರದು. ನಡುವಿನ ಪಟ್ಟಿಯಲ್ಲಿ ಬಿದ್ದರೆ ಇನ್ನಷ್ಟು ಪರೀಕ್ಷೆ ಬೇಕು. ಹತ್ತು ನಿಮಿಷದ ಲೆಕ್ಕ ಇದು. ಪ್ರಬಂಧ ಕಳಿಸುವ ಮುಂಚೆ ಪ್ರತಿಯೊಬ್ಬರೂ ಮಾಡಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ತಪ್ಪು ಎಲ್ಲಿದೆ? ನಿಮ್ಮ 10 ಮೆಗಾಓಮ್ ರೆಸಿಸ್ಟರಿನಲ್ಲಿ. 30 ಮೈಕ್ರೋಆಂಪಿಯರ್ ಹರಿಯುವಾಗ ಅದೇ 300 ವೋಲ್ಟ್ ನುಂಗುತ್ತದೆ. ಸಪ್ಲೈ 900 ತೋರಿಸಿದರೂ ಅಂತರಕ್ಕೆ ಸಿಕ್ಕಿದ್ದು 600. ಅದೇ ರೀತಿ 734 ಇದ್ದದ್ದು 570, 600 ಇದ್ದದ್ದು 531.5. ನೀವು ಮುನ್ನೂರು ವೋಲ್ಟ್ ಅಗಲದಲ್ಲಿ ಅಳೆದೆ ಎಂದುಕೊಂಡಿದ್ದೀರಿ, ನಿಜಕ್ಕೂ ಅಳೆದದ್ದು ಎಪ್ಪತ್ತು ವೋಲ್ಟ್ ಅಗಲದಲ್ಲಿ. ಗ್ರಾಫ್ ಅಡ್ಡಡ್ಡ ಹಿಗ್ಗಿ ಇಳಿಜಾರು ಸಪ್ಪೆಯಾಯಿತು. ಇಳಿಜಾರು ಕಡಿಮೆಯಾದಷ್ಟೂ ಬೀಟಾ ಉಬ್ಬುತ್ತದೆ.

ಸರಿಪಡಿಸಿದ ವೋಲ್ಟೇಜಿನಲ್ಲಿ ಮತ್ತೆ ಗ್ರಾಫ್ ಹಾಕಿ. ಇಳಿಜಾರು ಮೈನಸ್ 5750ರ ಹತ್ತಿರ ಬರುತ್ತದೆ, ನಡುವಿನ ಉಬ್ಬೂ ಮಾಯವಾಗಿ ಮೂರು ಬಿಂದುಗಳೂ ಒಂದೇ ಗೆರೆಯಲ್ಲಿ ಕೂರುತ್ತವೆ. ಗೋಡೆಯ ಮೂಲೆ ದುಂಡಾಗಿರುವುದಕ್ಕೆ 0.95ರ ತಿದ್ದುಪಡಿ ಸೇರಿಸಿದರೆ ಬೀಟಾ ಸುಮಾರು 1600. ಕ್ಷೇತ್ರ ನ್ಯಾನೋಮೀಟರಿಗೆ 5.7ರಿಂದ 6.5 ವೋಲ್ಟ್, ಅನುಪಾತ 0.41ರಿಂದ 0.46. ಅಂಚಿನಲ್ಲಿದೆ, ಆದರೆ ಅಸಂಬದ್ಧವಲ್ಲ.

ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ: ಪದರ ನಯವಾಗಿದೆ, ಬೀಟಾ 1 ಇರಲಿ, ವರ್ಕ್ ಫಂಕ್ಷನ್ನೇ ಕಡಿಮೆ ಎನ್ನೋಣ ಎಂದು. ನಿಮ್ಮ ಮೊದಲ ಇಳಿಜಾರಿಗೆ ಹಾಗೆ ಮಾಡಿದರೆ ವರ್ಕ್ ಫಂಕ್ಷನ್ 0.011 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಅಷ್ಟು ಗಿಡ್ಡ ಗೋಡೆ ಇದ್ದಿದ್ದರೆ ಕೋಣೆಯ ಬಿಸಿಗೇ ಎಲೆಕ್ಟ್ರಾನುಗಳು ಉಕ್ಕಿ ಹರಿಯಬೇಕಿತ್ತು. ಬಿಸಿಗೆ ಹೊರಬರುವ ಕರೆಂಟನ್ನು ಲೆಕ್ಕ ಹಾಕುವ ರಿಚರ್ಡ್‌ಸನ್ ಸೂತ್ರದ ಪ್ರಕಾರ ಚದರ ಸೆಂಟಿಮೀಟರಿಗೆ ಸುಮಾರು 70 ಲಕ್ಷ ಆಂಪಿಯರ್! ದಯವಿಟ್ಟು ಆ ದಾರಿ ಹಿಡಿಯಬೇಡಿ.

ಇಷ್ಟಾದರೂ 1600 ಸಣ್ಣ ಸಂಖ್ಯೆಯಲ್ಲ. ಉಬ್ಬಿನ ಎತ್ತರವನ್ನು ಅದರ ತುದಿಯ ತ್ರಿಜ್ಯದಿಂದ ಭಾಗಿಸಿದರೆ ಬೀಟಾದ ಅಂದಾಜು ಸಿಗುತ್ತದೆ. ತುದಿಯ ತ್ರಿಜ್ಯ 5 ನ್ಯಾನೋಮೀಟರ್ ಎಂದುಕೊಂಡರೂ 8 ಮೈಕ್ರಾನ್ ಎತ್ತರದ ಮುಳ್ಳು ಬೇಕು. ನಿಮ್ಮ ಪದರದ ದಪ್ಪವೇ 0.2 ಮೈಕ್ರಾನ್. ಹಾಗಾದರೆ ಉಳಿದ ಸಾಧ್ಯತೆಗಳು: ಎದ್ದು ನಿಂತ ಧೂಳಿನ ಕಣ ಅಥವಾ ಪದರದ ಚಕ್ಕೆ, ಮೊದಲ ಸಲ ವೋಲ್ಟೇಜ್ ಏರಿಸುವಾಗ ಕಿಡಿ ಹಾರಿ ಆದ ಕುಳಿಯ ಅಂಚು, ಅಥವಾ ಪದರದ ಒಳಗೇ ಇನ್ನೂ ಒಂದಷ್ಟು ವೋಲ್ಟೇಜ್ ಬೀಳುತ್ತಿರುವುದು. 10 ಮೆಗಾಓಮ್ ತೆಗೆದು 1 ಮೆಗಾಓಮ್ ಹಾಕಿ ಮತ್ತೆ ಅಳೆಯಿರಿ. ಸರಿಪಡಿಸಿದ ಎರಡು ಗೆರೆಗಳೂ ಒಂದರ ಮೇಲೊಂದು ಕೂತರೆ ಹೊರಗಿನ ರೆಸಿಸ್ಟರಿನ ಲೆಕ್ಕ ಸರಿ ಇದೆ ಎಂದರ್ಥ. ಆಮೇಲೆ ಮಾದರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಕುಳಿಗಳನ್ನು ಹುಡುಕಿ.

ಇನ್ನೊಂದು ಮಾತು. ನ್ಯಾನೋಮೀಟರಿಗೆ 6 ವೋಲ್ಟ್ ಕ್ಷೇತ್ರದಲ್ಲಿ ಸೂತ್ರ ಕೊಡುವ ಕರೆಂಟ್ ಸಾಂದ್ರತೆ ಚದರ ಮೀಟರಿಗೆ ಸುಮಾರು 4 × 10¹⁰ ಆಂಪಿಯರ್. ನಿಮ್ಮ 30 ಮೈಕ್ರೋಆಂಪಿಯರಿಗೆ ಬೇಕಾದ ಜಾಗ ಬರೀ 700 ಚದರ ನ್ಯಾನೋಮೀಟರ್, ಅಂದರೆ 30 ನ್ಯಾನೋಮೀಟರ್ ಅಗಲದ ಒಂದೇ ಒಂದು ಚುಕ್ಕೆ. ಕರೆಂಟನ್ನು ಮಾದರಿಯ ಪೂರ್ತಿ ವಿಸ್ತೀರ್ಣದಿಂದ ಭಾಗಿಸಿ ‘ಇಡೀ ಪದರ ಉತ್ಸರ್ಜಿಸುತ್ತಿದೆ’ ಎಂದು ಬರೆಯುವುದು ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಆನೋಡಿಗೆ ಪ್ರಕಾಶಕ ಪುಡಿ ಬಳಿದ ಗಾಜು ಹಾಕಿ ಕತ್ತಲಲ್ಲಿ ಫೋಟೋ ತೆಗೆಯಿರಿ. ಎಷ್ಟು ಚುಕ್ಕೆ ಇವೆ ಎಂದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಫೌಲರ್–ನೋರ್ಡ್‌ಹೈಮ್ ಸಿದ್ಧಾಂತ ಲೋಹಕ್ಕೆ ಮಾಡಿದ್ದು. ಅವಾಹಕಕ್ಕೆ ಹತ್ತಿರವಿರುವ ತೆಳುಪದರಗಳಿಗೆ ಅದನ್ನು ಹೇಗೆ ಅನ್ವಯಿಸುತ್ತಾರೆ? ಬೇರೆ ಸಿದ್ಧಾಂತಗಳಿಲ್ಲವೇ?
(ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು, ಜಯನಗರ)

ಉತ್ತರ: ಮೇಷ್ಟ್ರೇ, ಮೂಲಕ್ಕೇ ಕೈ ಹಾಕಿದ್ದೀರಿ. ಆ ಸಿದ್ಧಾಂತದ ಊಹೆಗಳು ಇವು: ಮೇಲ್ಮೈ ಸಮತಟ್ಟು, ಒಳಗೆ ಸ್ವತಂತ್ರ ಎಲೆಕ್ಟ್ರಾನುಗಳು ಧಾರಾಳ, ಕ್ಷೇತ್ರ ಲೋಹದೊಳಗೆ ನುಗ್ಗುವುದಿಲ್ಲ. 1956ರಲ್ಲಿ ಮರ್ಫಿ ಮತ್ತು ಗುಡ್ ಗೋಡೆಯ ಆಕಾರವನ್ನೂ ತಾಪವನ್ನೂ ಸರಿಯಾಗಿ ಸೇರಿಸಿದರು, ಆದರೆ ಅದೂ ಲೋಹಕ್ಕೇ.

ತೆಳುಪದರದಲ್ಲಿ ಎಲೆಕ್ಟ್ರಾನ್ ಮೂರು ಬಾಗಿಲು ದಾಟಬೇಕು. ಮೊದಲನೆಯದು ತಳದ ಲೋಹ ಅಥವಾ ಸಿಲಿಕಾನಿನಿಂದ ಪದರದೊಳಕ್ಕೆ, ಎರಡನೆಯದು ಪದರದ ಉದ್ದಕ್ಕೂ, ಮೂರನೆಯದು ಮೇಲ್ಮೈಯಿಂದ ನಿರ್ವಾತಕ್ಕೆ. ಒಟ್ಟು ಕರೆಂಟನ್ನು ನಿರ್ಧರಿಸುವುದು ಈ ಮೂರರಲ್ಲಿ ಅತಿ ಇಕ್ಕಟ್ಟಾದ ಬಾಗಿಲು. ಫೌಲರ್–ನೋರ್ಡ್‌ಹೈಮ್ ಗ್ರಾಫ್ ಮೂರನೆಯ ಬಾಗಿಲೇ ಇಕ್ಕಟ್ಟು ಎಂದು ಮೊದಲೇ ಒಪ್ಪಿಕೊಂಡು ಕೂತಿರುತ್ತದೆ. ಎಷ್ಟೋ ಪ್ರಬಂಧಗಳು ಎಡವಿದ್ದು ಇಲ್ಲೇ. ಮೊದಲ ಬಾಗಿಲಿನಲ್ಲಿ ಸುರಂಗ ನಡೆದರೂ ನೇರಗೆರೆ ಬರುತ್ತದೆ, ಏಕೆಂದರೆ ಅದೂ ಒಂದು ಗೋಡೆಯೇ. ಎರಡನೆಯ ಬಾಗಿಲಿನ ಸೂತ್ರಗಳೂ ಸಣ್ಣ ವೋಲ್ಟೇಜ್ ವ್ಯಾಪ್ತಿಯಲ್ಲಿ ನೇರಗೆರೆಯಂತೆ ತೋರುತ್ತವೆ.

ಪದರದ ಒಳಗಿನ ಸಾಗಾಟಕ್ಕೆ ಮುಖ್ಯವಾದದ್ದು ಪೂಲ್–ಫ್ರೆಂಕೆಲ್ ಸಿದ್ಧಾಂತ. ದೋಷಗಳಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನನ್ನು ಶಾಖ ಮೇಲೆತ್ತುತ್ತದೆ, ಆ ಹಳ್ಳದ ಅಂಚನ್ನು ಕ್ಷೇತ್ರ ತಗ್ಗಿಸಿ ಕೈ ಜೋಡಿಸುತ್ತದೆ. ಫ್ರೆಂಕೆಲ್ ಇದನ್ನು ಬರೆದದ್ದು 1938ರಲ್ಲಿ. ಇಲ್ಲಿ ಕರೆಂಟನ್ನು ವೋಲ್ಟೇಜಿನಿಂದ ಭಾಗಿಸಿ, ಅದರ ಲಾಗರಿದಮ್ ಅನ್ನು ವೋಲ್ಟೇಜಿನ ವರ್ಗಮೂಲದ ಎದುರು ಗುರುತಿಸಿದರೆ ಗೆರೆ ನೇರ ಬರುತ್ತದೆ. ಇನ್ನು ಪದರದೊಳಗೆ ಎಲೆಕ್ಟ್ರಾನುಗಳೇ ಗುಂಪುಗೂಡಿ ಹಿಂದಿನವನ್ನು ತಡೆದರೆ ಕರೆಂಟ್ ವೋಲ್ಟೇಜಿನ ವರ್ಗಕ್ಕೆ ಅನುಗುಣ, ಪದರದ ದಪ್ಪದ ಘನಕ್ಕೆ ವಿಲೋಮ. ಇದು ಮಾಟ್–ಗರ್ನಿ ನಿಯಮ.

ಗ್ರಾಫಿನಿಂದ ತೀರ್ಮಾನವಾಗದಿದ್ದರೆ ಮಾದರಿಯನ್ನು ಬಿಸಿ ಮಾಡಿ. 300 ಕೆಲ್ವಿನ್‌ನಿಂದ 400ಕ್ಕೆ ಏರಿಸಿದಾಗ ಲೋಹದ ಸುರಂಗ ಕರೆಂಟ್ ಶೇಕಡಾ ಕೆಲವಷ್ಟು ಮಾತ್ರ ಬದಲಾಗುತ್ತದೆ. ಪೂಲ್–ಫ್ರೆಂಕೆಲ್‌ನಲ್ಲಿ ಹಳ್ಳದ ಪರಿಣಾಮಕಾರಿ ಆಳ 0.3 ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಅದೇ ನೂರು ಡಿಗ್ರಿಗೆ ಕರೆಂಟ್ ಸುಮಾರು 18 ಪಟ್ಟಾಗುತ್ತದೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಕಡಿಮೆ ಖರ್ಚಿನಲ್ಲಿ ಸಿಗದು. ಆದರೆ ಬಿಸಿಗೆ ಮೇಲ್ಮೈಯ ನೀರಿನ ಅಂಶ ಹಾರಿಹೋಗಿಯೂ ಕರೆಂಟ್ ಬದಲಾಗಬಹುದು. ಹಾಗಾಗಿ ತಣ್ಣಗಾದ ಮೇಲೆ ಹಳೆಯ ಬೆಲೆಗೆ ಮರಳುತ್ತದೆಯೇ ಎಂದು ನೋಡಿ, ಎರಡು ಸುತ್ತು ಮಾಡಿ. ಹೊರಬಂದ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ಸೌಕರ್ಯವಿದ್ದರೆ ಇನ್ನೂ ಒಳ್ಳೆಯದು. ಲೋಹದಿಂದ ಬಂದವು ಫರ್ಮಿ ಮಟ್ಟದ (ಲೋಹದಲ್ಲಿ ಎಲೆಕ್ಟ್ರಾನುಗಳು ತುಂಬಿರುವ ಮೇಲಿನ ಮಿತಿಯ) ಹತ್ತಿರ ಕಿರಿದಾದ ಶಿಖರವಾಗಿ ಕಾಣುತ್ತವೆ. ಪದರ 20 ವೋಲ್ಟ್ ನುಂಗುತ್ತಿದ್ದರೆ ಶಿಖರ 20 ಎಲೆಕ್ಟ್ರಾನ್ ವೋಲ್ಟ್ ಕೆಳಗೆ ಜಾರಿರುತ್ತದೆ.

ಕಾರ್ಬನ್ ಪದರಗಳು ಮೈಕ್ರಾನಿಗೆ ಹತ್ತಿಪ್ಪತ್ತು ವೋಲ್ಟ್, ಕೆಲವು ಸಲ ಅದಕ್ಕೂ ಕಡಿಮೆ ಕ್ಷೇತ್ರದಲ್ಲೇ ಏಕೆ ಉತ್ಸರ್ಜಿಸುತ್ತವೆ ಎಂಬುದಕ್ಕೆ ಹಲವು ವಾದಗಳಿವೆ. ಲೇಥಮ್ ಅವರದು ‘ಬಿಸಿ ಎಲೆಕ್ಟ್ರಾನ್’ ವಾದ: ಅವಾಹಕದೊಳಗಿನ ವಾಹಕ ಕಾಲುವೆಯಲ್ಲಿ ಎಲೆಕ್ಟ್ರಾನುಗಳು ಶಕ್ತಿ ಗಳಿಸಿಕೊಂಡು ಮೇಲ್ಮೈ ಗೋಡೆಯನ್ನು ಹಾರಿ ದಾಟುತ್ತವೆ. ಇನ್ನೊಂದು ವಾದದಲ್ಲಿ ಅವಾಹಕದೊಳಗೆ ಹುದುಗಿದ ಗ್ರಾಫೈಟಿನಂಥ ಸಣ್ಣ ದ್ವೀಪಗಳೇ ಒಳಗಿನ ಮುಳ್ಳುಗಳಂತೆ ಕೆಲಸ ಮಾಡಿ ಕ್ಷೇತ್ರವನ್ನು ಒಟ್ಟುಗೂಡಿಸುತ್ತವೆ. ಹೊರಗಿನಿಂದ ಪದರ ನಯವಾಗಿದ್ದರೂ ವಿದ್ಯುತ್ತಿನ ದೃಷ್ಟಿಯಲ್ಲಿ ಒರಟು. ವಜ್ರಸದೃಶ ಕಾರ್ಬನ್ನಿನ ಮಟ್ಟಿಗೆ ನಮಗೆ ಹೆಚ್ಚು ಒಪ್ಪಿಗೆಯಾಗುವುದು ಈ ಎರಡನೆಯದು. ಮೊದಲ ಸಲ ವೋಲ್ಟೇಜ್ ಏರಿಸುವಾಗ ಕರೆಂಟ್ ತಟ್ಟನೆ ಹಾರಿ, ಎರಡನೆಯ ಸಲದಿಂದ ಕಡಿಮೆ ವೋಲ್ಟೇಜಿನಲ್ಲೇ ಶುರುವಾಗುವುದು ಒಳಗೆ ಹೊಸ ಕಾಲುವೆ ತೆರೆದದ್ದರ ಗುರುತು. ಆ ಮೊದಲ ಏರಿಕೆಯ ದಾಖಲೆಯನ್ನು ಎಸೆಯದೆ ಇಟ್ಟುಕೊಳ್ಳಿ.

ಪ್ರಶ್ನೆ: ವಜ್ರಕ್ಕೆ ಋಣ ಎಲೆಕ್ಟ್ರಾನ್ ಅಫಿನಿಟಿ ಇದೆ, ಗೋಡೆಯೇ ಇಲ್ಲ ಎನ್ನುತ್ತಾರೆ. ಹಾಗಿದ್ದರೆ ವಜ್ರದ ಪದರವೇ ಅತ್ಯುತ್ತಮ ಕ್ಯಾಥೋಡ್ ಅಲ್ಲವೇ?
(ಓದುಗರು, ಯಲಹಂಕ)

ಉತ್ತರ: ಹಿಂದಿನ ಉತ್ತರದಲ್ಲಿ ಹೇಳಿದ ಮೂರನೆಯ ಬಾಗಿಲು, ಅಂದರೆ ಮೇಲ್ಮೈಯಿಂದ ನಿರ್ವಾತಕ್ಕೆ ಹೋಗುವುದು, ತೆರೆದಿರುವುದು ನಿಜ. ಹೈಡ್ರೋಜನ್ ಹೊದ್ದ ವಜ್ರದ ಮೇಲ್ಮೈಯಲ್ಲಿ ವಹನ ಪಟ್ಟಿಯ (ಎಲೆಕ್ಟ್ರಾನುಗಳು ಸ್ವತಂತ್ರವಾಗಿ ಓಡಾಡಬಲ್ಲ ಶಕ್ತಿಮಟ್ಟಗಳ) ತಳ ನಿರ್ವಾತದ ಮಟ್ಟಕ್ಕಿಂತ ಮೇಲಿದೆ. 1979ರಲ್ಲಿ ಹಿಂಪ್ಸೆಲ್ ಮತ್ತು ಸಂಗಡಿಗರು ವಜ್ರದಲ್ಲಿ ಈ ಗುಣವನ್ನು ವರದಿ ಮಾಡಿದರು. ಆದರೆ ಆ ವಹನ ಪಟ್ಟಿ ಖಾಲಿ! ಎಲೆಕ್ಟ್ರಾನ್ ತುಂಬಿದ ಪಟ್ಟಿಯಿಂದ ವಹನ ಪಟ್ಟಿಗೆ ಇರುವ ಶಕ್ತಿ ಅಂತರ ವಜ್ರದಲ್ಲಿ 5.47 ಎಲೆಕ್ಟ್ರಾನ್ ವೋಲ್ಟ್. ಹೊರಗೆ ಹೋಗುವ ಬಾಗಿಲು ಹಾರುಹೊಡೆದಿದ್ದರೂ ಮನೆಯೊಳಗೆ ಜನರೇ ಇಲ್ಲ. ಎಲೆಕ್ಟ್ರಾನ್ ಒದಗಿಸಲು ನೈಟ್ರೋಜನ್ ಬೆರೆಸಿದರೆ ಅದರ ಮಟ್ಟ ವಹನ ಪಟ್ಟಿಯಿಂದ 1.7 ಎಲೆಕ್ಟ್ರಾನ್ ವೋಲ್ಟ್ ಕೆಳಗೆ, ರಂಜಕ ಬೆರೆಸಿದರೆ ಸುಮಾರು 0.6 ಕೆಳಗೆ. ಕೋಣೆಯ ಬಿಸಿಗೆ ಎರಡೂ ಆಳವೇ. ಬೋರಾನ್ ಸುಲಭವಾಗಿ ಬೆರೆಯುತ್ತದೆ, ಆದರೆ ಅದು ಕೊಡುವುದು ಹೋಲ್‌ಗಳನ್ನು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳನ್ನು. ಹೀಗಾಗಿ ವಜ್ರದಲ್ಲಿ ಇಕ್ಕಟ್ಟು ಮೊದಲ ಬಾಗಿಲಿನಲ್ಲಿ. ಪದರ ಬೆಳೆಸುವವರು ಮೇಲ್ಮೈಗೆ ಕೊಡುವ ಗಮನದ ಅರ್ಧವನ್ನಾದರೂ ತಳದ ಸಂಪರ್ಕಕ್ಕೆ ಕೊಡಬೇಕು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಹಳೆಯ ನಿರ್ವಾತ ಕೋಶ, ಡಿಫ್ಯೂಷನ್ ಪಂಪ್, 0–1 ಕಿಲೋವೋಲ್ಟ್ ಸಪ್ಲೈ ಇವೆ. ಇಷ್ಟರಲ್ಲೇ ನಂಬಬಹುದಾದ ಅಳತೆ ಮಾಡಲು ಏನೇನು ನೋಡಿಕೊಳ್ಳಬೇಕು?
(ಪ್ರಯೋಗಾಲಯ ಸಹಾಯಕರು, ಪೀಣ್ಯ)

ಉತ್ತರ: ಅಂತರದಿಂದ ಶುರು ಮಾಡಿ. ಸೂಕ್ಷ್ಮದರ್ಶಕಕ್ಕೆ ಬಳಸುವ 1ನೇ ನಂಬರಿನ ಕವರ್ ಸ್ಲಿಪ್ 0.13ರಿಂದ 0.16 ಮಿಲಿಮೀಟರ್ ದಪ್ಪ ಇರುತ್ತದೆ. ಪಟ್ಟಿಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಒಂದೇ ದಪ್ಪದವನ್ನು ಆರಿಸಿ. ಅಸಿಟೋನ್, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಲೆಯಲ್ಲಿ ಒಣಗಿಸಿ, ಚಿಮಟದಿಂದಲೇ ಹಿಡಿಯಿರಿ. ಬೆರಳಿನ ಗುರುತು ಬಿದ್ದ ಗಾಜು ಸೋರುತ್ತದೆ. ಸೋರಿಕೆಯನ್ನು ಗ್ರಾಫಿನಲ್ಲೂ ಗುರುತಿಸಬಹುದು: ಕಡಿಮೆ ವೋಲ್ಟೇಜಿನ ಕಡೆ, ಅಂದರೆ ಬಲತುದಿಯಲ್ಲಿ ಗೆರೆ ಇಳಿಯುವ ಬದಲು ಮೇಲಕ್ಕೆ ಬಾಗುತ್ತದೆ. ಮಾದರಿ ಇಡುವ ಮೊದಲು ಪದರವಿಲ್ಲದ, ಹೊಳಪು ಕೊಟ್ಟ ಉಕ್ಕಿನ ತುಂಡಿಟ್ಟು ಸಾವಿರ ವೋಲ್ಟ್‌ವರೆಗೆ ಅಳೆಯಿರಿ. ಒಂದು ನ್ಯಾನೋಆಂಪಿಯರ್ ದಾಟಿದರೆ ಮತ್ತೆ ತೊಳೆಯಿರಿ.

ಒಂದೇ ಅಂತರದಲ್ಲಿ ನಿಲ್ಲಿಸಬೇಡಿ. ಎರಡು, ಮೂರು ಪಟ್ಟಿ ಒಂದರ ಮೇಲೊಂದು ಇಟ್ಟು ಅಂತರ ಹೆಚ್ಚಿಸಿ, ಪ್ರತಿ ಸಲವೂ 1 ಮೈಕ್ರೋಆಂಪಿಯರ್ ಬರಲು ಬೇಕಾದ ವೋಲ್ಟೇಜ್ ಬರೆದುಕೊಳ್ಳಿ. ವೋಲ್ಟೇಜನ್ನು ಅಂತರದೆದುರು ಗುರುತಿಸಿದರೆ ಬರುವ ಗೆರೆಯ ಇಳಿಜಾರೇ ಕ್ಷೇತ್ರ. ಗೆರೆ ಮೂಲಬಿಂದುವಿನ ಮೂಲಕ ಹೋಗದಿದ್ದರೆ ಅಂತರದ ಅಳತೆ ತಪ್ಪಿದೆ ಅಥವಾ ಪದರದಲ್ಲಿ ವೋಲ್ಟೇಜ್ ಬೀಳುತ್ತಿದೆ.

ಸರಣಿ ರೆಸಿಸ್ಟರ್ ಬೇಕೇ ಬೇಕು. ಇಲ್ಲದಿದ್ದರೆ ಮೊದಲ ಕಿಡಿಗೇ ಪದರ ಸುಡುತ್ತದೆ. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನ್ಯ ಕಾಲು ವ್ಯಾಟ್ ರೆಸಿಸ್ಟರು ತಡೆಯುವುದು ಸಾಧಾರಣವಾಗಿ 250 ವೋಲ್ಟ್. ಕಿಡಿ ಹಾರಿದ ಕ್ಷಣದಲ್ಲಿ ಪೂರ್ತಿ ಸಾವಿರ ವೋಲ್ಟ್ ಅದರ ಮೇಲೇ ಬೀಳುತ್ತದೆ. ಆದ್ದರಿಂದ ಒಂದೇ 10 ಮೆಗಾಓಮ್ ಬದಲು 1 ಮೆಗಾಓಮಿನ ಹತ್ತನ್ನು ಸರಣಿಯಲ್ಲಿ ಬೆಸುಗೆ ಹಾಕಿ, ಒಂದೊಂದಕ್ಕೆ ನೂರು ವೋಲ್ಟ್ ಬರುತ್ತದೆ. ರೆಸಿಸ್ಟರಿನ ಆಚೆ ಬದಿಯ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಲು ಹೋಗಬೇಡಿ. ಮೀಟರಿನ ಒಳತಡೆಯೂ 10 ಮೆಗಾಓಮ್ ಇದ್ದು ಅದೇ ಅರ್ಧ ವೋಲ್ಟೇಜ್ ಎಳೆದುಕೊಳ್ಳುತ್ತದೆ. ಕರೆಂಟನ್ನು ರೆಸಿಸ್ಟೆನ್ಸಿನಿಂದ ಗುಣಿಸಿ ಸಪ್ಲೈನಿಂದ ಕಳೆಯುವುದೇ ಸರಿ.

ನಿರ್ವಾತ 10⁻⁷ ಟಾರ್ ಆದರೂ ಇರಲಿ. 10⁻⁶ ಟಾರ್‌ನಲ್ಲಿ, ತಾಗಿದ ಅಣುವೆಲ್ಲ ಅಂಟುತ್ತದೆ ಎಂದುಕೊಂಡರೆ, ಸುಮಾರು ಒಂದು ಸೆಕೆಂಡಿಗೆ ಮೇಲ್ಮೈಯನ್ನು ಒಂದು ಪದರ ಅನಿಲ ಮುಚ್ಚುತ್ತದೆ. ಕರೆಂಟ್ ಮೇಲೆ ಕೆಳಗೆ ಕುಣಿಯುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಡಿಫ್ಯೂಷನ್ ಪಂಪಿನ ಎಣ್ಣೆ ಆವಿ ಹಿಂದಕ್ಕೆ ಬಂದು, ಎಲೆಕ್ಟ್ರಾನಿನ ಹೊಡೆತಕ್ಕೆ ಒಡೆದು ನಿಮ್ಮ ಪದರದ ಮೇಲೆ ಕಾರ್ಬನ್ ಕೂರಿಸುತ್ತದೆ. ದ್ರವ ನೈಟ್ರೋಜನ್ ಟ್ರ್ಯಾಪ್ ಇಲ್ಲದೆ ಕಾರ್ಬನ್ ಪದರ ಅಳೆಯಲೇಬೇಡಿ. ಮಳೆಗಾಲದಲ್ಲಿ ಕೋಶ ತೆರೆಯುವಾಗ ಗಾಳಿ ಬಿಡದೆ ಒಣ ನೈಟ್ರೋಜನ್ ಬಿಡಿ. ಇನ್ನೊಂದು, ಗೇಜನ್ನು ವಾತಾವರಣದ ಒತ್ತಡಕ್ಕೆ ಹೊಂದಿಸುವಾಗ ಕೈಪಿಡಿಯಲ್ಲಿರುವ 1013 ಮಿಲಿಬಾರಿಗೆ ತಿರುಗಿಸಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಒತ್ತಡ ಸುಮಾರು 910 ಮಿಲಿಬಾರ್.

ತಳಕ್ಕೆ ಎನ್-ಬಗೆಯ (ಎಲೆಕ್ಟ್ರಾನುಗಳು ಹೆಚ್ಚಿರುವ), 0.01 ಓಮ್-ಸೆಂಟಿಮೀಟರಿಗಿಂತ ಕಡಿಮೆ ತಡೆಯ ಸಿಲಿಕಾನ್ ಬಳಸಿ. ಹಿಂಬದಿಯ ಆಕ್ಸೈಡನ್ನು ಕೆರೆದು ಬೆಳ್ಳಿ ಪೇಸ್ಟ್ ಹಚ್ಚಿ. ಪಿ-ಬಗೆಯದಾದರೆ ಎಲೆಕ್ಟ್ರಾನ್ ಸರಬರಾಜು ಸಾಲದೆ ಕರೆಂಟ್ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಕಿಟಕಿಯಿಂದ ಟಾರ್ಚ್ ಬೆಳಕು ಬಿಟ್ಟಾಗ ಕರೆಂಟ್ ಏರಿದರೆ ಇದೇ ತೊಂದರೆ ಎಂದು ತಿಳಿಯಿರಿ. ಅದನ್ನು ಅಂತರದಲ್ಲಿನ ಆವೇಶದ ಗುಂಪುಗಾರಿಕೆ ಎಂದುಕೊಳ್ಳಬೇಡಿ. 150 ಮೈಕ್ರಾನಿಗೆ 900 ವೋಲ್ಟ್ ಇರುವಾಗ ಆ ಗುಂಪುಗಾರಿಕೆ ಕರೆಂಟಿಗೆ ಹಾಕುವ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 280 ಆಂಪಿಯರ್, ನಿಮ್ಮ ಅಳತೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಸಪ್ಲೈ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಆವೇಶ ಉಳಿದಿರುತ್ತದೆ. ಭೂಮಿಗೆ ಜೋಡಿಸಿದ ಕೋಲಿನಿಂದ ಮುಟ್ಟಿಸದೆ ಕೈ ಹಾಕಬೇಡಿ.

ಪ್ರಶ್ನೆ: ಆಕ್ಸೈಡ್ ಪದರದ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಕರೆಂಟ್ ಬರುತ್ತಲೇ ಇದೆ. ಉಪಕರಣದ ದೋಷವೇ?
(ಓದುಗರು, ಬಸವನಗುಡಿ)

ಉತ್ತರ: ಆಗಿರಬೇಕಿಲ್ಲ. ಇದು ಮಾಲ್ಟರ್ ಪರಿಣಾಮ ಇರಬಹುದು. ಲೂಯಿ ಮಾಲ್ಟರ್ 1936ರಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಪದರದಲ್ಲಿ ಇದನ್ನು ವರದಿ ಮಾಡಿದರು. ಕಿರಣ ಬಿದ್ದಾಗ ಪದರದ ಮೇಲ್ಭಾಗ ಎಲೆಕ್ಟ್ರಾನ್ ಕಳೆದುಕೊಂಡು ಧನ ಆವೇಶ ಪಡೆಯುತ್ತದೆ. ತೆಳುವಾದ ಪದರಕ್ಕೆ ಅಡ್ಡಲಾಗಿ ಹುಟ್ಟುವ ಆ ಕ್ಷೇತ್ರ ತಳದ ಲೋಹದಿಂದ ಎಲೆಕ್ಟ್ರಾನ್ ಎಳೆಯುತ್ತಲೇ ಇರುತ್ತದೆ. ಆವೇಶ ಸೋರಿಹೋದಂತೆ ಕರೆಂಟೂ ಇಳಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ತೆಳುಪದರ ಹಾಕುವ ಸ್ಪಟರಿಂಗ್ ಯಂತ್ರವಿಲ್ಲ. ಪದವಿ ಪ್ರಾಜೆಕ್ಟಿಗೆ ಉತ್ಸರ್ಜಿಸುವ ಪದರ ಮಾಡಿಕೊಳ್ಳುವ ಸುಲಭ ವಿಧಾನವಿದೆಯೇ?
(ವಿದ್ಯಾರ್ಥಿಗಳು, ರಾಜಾಜಿನಗರ)

ಉತ್ತರ: ಇದೆ: ಕಾರ್ಬನ್ ನ್ಯಾನೋಟ್ಯೂಬ್ (ಕಾರ್ಬನ್ನಿನ ಅತಿ ಸಣ್ಣ ನಾಳ) ಪೇಸ್ಟ್. ನ್ಯಾನೋಟ್ಯೂಬಿನ ಉತ್ಸರ್ಜನೆ 1995ರಿಂದ ತಿಳಿದಿರುವ ಸಂಗತಿ. ಟರ್ಪಿನಿಯೋಲ್‌ನಲ್ಲಿ ಎಥಿಲ್ ಸೆಲ್ಯುಲೋಸ್ ಬೆಚ್ಚಗೆ ಕರಗಿಸಿ ಜೇನುತುಪ್ಪದಷ್ಟು ಮಂದ ಮಾಡಿಕೊಳ್ಳಿ. ನ್ಯಾನೋಟ್ಯೂಬ್ ಪುಡಿಯನ್ನು ಮೊದಲು ಆಲ್ಕೋಹಾಲಿನಲ್ಲಿ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಬಿಡಿಸಿ, ಅದನ್ನು ಈ ಮಂದ ದ್ರವಕ್ಕೆ ಬೆರೆಸಿ ಆಲ್ಕೋಹಾಲ್ ಹಾರಿಸಿ. ಗಂಟು ಉಳಿದರೆ ಆಮೇಲೆ ಅಲ್ಲೇ ಕಿಡಿ ಹಾರುತ್ತದೆ, ಆದ್ದರಿಂದ ಕಲ್ಲಿನ ಖರಲಿನಲ್ಲಿ ಚೆನ್ನಾಗಿ ಅರೆಯಿರಿ. ಅಚ್ಚು ಹಾಕಲು ಚಿಕ್ಕಪೇಟೆ ಸುತ್ತಮುತ್ತ ಮದುವೆ ಕರೆಯೋಲೆ ಮುದ್ರಿಸುವವರು ಬಳಸುವಂಥ ಸ್ಕ್ರೀನ್ ಚೌಕಟ್ಟು ಸಾಕು. ವಾಹಕ ಗಾಜು ಅಥವಾ ಉಕ್ಕಿನ ತಗಡಿನ ಮೇಲೆ ಅಚ್ಚು ಹಾಕಿ, 100 ಡಿಗ್ರಿಯಲ್ಲಿ ಒಣಗಿಸಿ, ಗಾಳಿಯಲ್ಲೇ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಸುಡಿ. 450 ದಾಟಿದರೆ ನ್ಯಾನೋಟ್ಯೂಬೇ ಉರಿದುಹೋಗುವ ಅಪಾಯವಿದೆ.

ಸುಟ್ಟ ಪದರ ನೇರವಾಗಿ ಉತ್ಸರ್ಜಿಸುವುದು ಕಡಿಮೆ, ಏಕೆಂದರೆ ನಾಳಗಳೆಲ್ಲ ಮಲಗಿರುತ್ತವೆ. ಸಾಮಾನ್ಯ ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ಕಿತ್ತರೆ ಮೇಲಿನ ಪುಡಿ ಹೋಗಿ, ಉಳಿದ ನಾಳಗಳ ತುದಿಗಳು ಎದ್ದು ನಿಲ್ಲುತ್ತವೆ. ಕಿತ್ತ ಮೇಲೆ ಒಣ ಗಾಳಿ ಊದಿ ಸಡಿಲ ಚೂರುಗಳನ್ನು ತೆಗೆಯಿರಿ. ಒಣ ಪುಡಿಯನ್ನು ತೂಗುವಾಗ ಎನ್-95 ಮುಖಗವಸು ಮತ್ತು ಕೈಗವಸು ಕಡ್ಡಾಯ, ಫ್ಯಾನ್ ಆರಿಸಿರಬೇಕು. ನಯವಾದ ಪದರವೇ ಬೇಕೆಂದರೆ ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಬಗ್ಗೆ ನಿಮ್ಮ ಮಾರ್ಗದರ್ಶಕರ ಮೂಲಕ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ. ಹೊರಗಿನ ಕಾಲೇಜುಗಳ ಸಂಶೋಧಕರಿಗೆ ಅಲ್ಲಿನ ಸಲಕರಣೆ ಒದಗಿಸಲೆಂದೇ ರೂಪಿಸಿದ ಯೋಜನೆ ಅದು. ಅರ್ಜಿಯಲ್ಲಿ ಬೇಕಾದ ಪದರದ ದಪ್ಪ, ತಳದ ಸಿಲಿಕಾನಿನ ಬಗೆ ಮತ್ತು ತಡೆ, ಮಾದರಿಗಳ ಸಂಖ್ಯೆ ಇವಿಷ್ಟನ್ನು ಮೊದಲೇ ನಿಗದಿ ಮಾಡಿ ಬರೆಯಿರಿ.